ನಂಬಿಕಸ್ಥ ಗೆಳೆಯ ಎಂದರೆ ಎಲ್ಲ ಕೆಲಸಕ್ಕೂ ಸೈ ಎಂದರ್ಥವೇ? 'ಮಾಸ್ ಎಫೆಕ್ಟ್ 2' ಕೊನೆಯ ಮಿಷನ್‌ನ ಅಸಲಿ ಲೆಕ್ಕ

"ಎಲ್ಲರ ಲಾಯಲ್ಟಿ ಮಿಷನ್ ಮುಗಿಸಿಬಿಡು ಸಾಕು, ಆಮೇಲೆ ಯಾರನ್ನು ಎಲ್ಲಿಗೆ ಕಳಿಸಿದರೂ ಒಬ್ಬರೂ ಸಾಯಲ್ಲ." ಮಾಸ್ ಎಫೆಕ್ಟ್ 2 ಆಡುವವರಿಗೆ ಗೆಳೆಯರು ಕೊಡುವ ಸಲಹೆ ಇದು. ಇದನ್ನು ನಂಬಿ ಹೋಗಿ ನೆಚ್ಚಿನ ಪಾತ್ರವನ್ನು ಕಳೆದುಕೊಂಡವರು ಬಹಳ ಮಂದಿ. ಈ ಮಾತು ನಿಜವೇ? ಬನ್ನಿ, ನೋಡೋಣ. (ಗೇಮ್ ಇನ್ನೂ ಮುಗಿಸದವರು ಗಮನಿಸಿ: ಕೊನೆಯಲ್ಲಿ ಏನಾಗುತ್ತದೆ ಎಂಬುದು ಇಲ್ಲಿದೆ.)

ಏನಿದು ಗೇಮ್?

ಬಯೋವೇರ್ ಕಂಪನಿಯ ಈ ಗೇಮ್ 2010ರ ಜನವರಿಯಲ್ಲಿ ಬಂತು. 2021ರಲ್ಲಿ 'ಲೆಜೆಂಡರಿ ಎಡಿಷನ್' ಹೆಸರಿನಲ್ಲಿ ಹೊಸ ರೂಪದಲ್ಲಿ ಮತ್ತೆ ಬಿಡುಗಡೆಯಾಯಿತು. ನೀವು ಕಮಾಂಡರ್ ಶೆಪರ್ಡ್. ಮನುಷ್ಯರನ್ನು ಹೊತ್ತೊಯ್ಯುತ್ತಿರುವ 'ಕಲೆಕ್ಟರ್ಸ್' ಎಂಬ ಶತ್ರುಗಳ ನೆಲೆಗೆ ನುಗ್ಗಬೇಕು. ಹೋದವರು ಹಿಂದಿರುಗಿ ಬಂದ ಉದಾಹರಣೆ ಇಲ್ಲದ ಕಾರಣ ಇದನ್ನು 'ಸೂಸೈಡ್ ಮಿಷನ್' ಎನ್ನುತ್ತಾರೆ. ಹೆಚ್ಚುವರಿ ಪಾತ್ರಗಳೂ ಸೇರಿ 12 ಜನರ ತಂಡ ಕಟ್ಟಬಹುದು. ಇಲ್ಲಿ ಸತ್ತವರು ಮುಂದಿನ ಭಾಗಕ್ಕೂ ಬರುವುದಿಲ್ಲ. ತಂಡದಲ್ಲಿ ಕನಿಷ್ಠ ಇಬ್ಬರು ಉಳಿಯದಿದ್ದರೆ ಶೆಪರ್ಡ್ ಕೂಡ ಸಾಯುತ್ತಾನೆ.

ನಿಷ್ಠೆ ಬೇಕು, ಆದರೆ ಅದೊಂದೇ ಸಾಲದು

ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರತಿಯೊಬ್ಬರಿಗೂ ಒಂದು ವೈಯಕ್ತಿಕ ಸಮಸ್ಯೆ ಇರುತ್ತದೆ. ಅದನ್ನು ಬಗೆಹರಿಸಿದರೆ ಅವರ ಮನಸ್ಸು ಕೆಲಸದ ಮೇಲೆ ನಿಲ್ಲುತ್ತದೆ. ಬಗೆಹರಿಸದಿದ್ದರೆ ಎಷ್ಟೇ ನಿಪುಣರಾದರೂ ಎಡವುತ್ತಾರೆ. ಟಾಲಿ ಎಂಜಿನಿಯರ್, ವೆಂಟ್ ಕೊಳವೆಯೊಳಗೆ ತೆವಳಿ ಬಾಗಿಲು ತೆರೆಯುವ ಕೆಲಸಕ್ಕೆ ಹೇಳಿ ಮಾಡಿಸಿದವಳು. ಆದರೆ ಅವಳ ಲಾಯಲ್ಟಿ ಬಾಕಿ ಇದ್ದರೆ ಆ ಕೆಲಸದಲ್ಲೇ ಪ್ರಾಣ ಬಿಡುತ್ತಾಳೆ.

ಇನ್ನರ್ಧ ಸತ್ಯವೆಂದರೆ, ಅದೇ ಕೊಳವೆಗೆ ನಿಷ್ಠಾವಂತ ಜೇಕಬ್‌ನನ್ನು ಕಳಿಸಿದರೂ ಅವನು ಉಳಿಯುವುದಿಲ್ಲ. ತಾನೇ ಹೋಗುತ್ತೇನೆ ಎಂದು ಅವನು ಮುಂದೆ ಬರುತ್ತಾನೆ, ಧೈರ್ಯಕ್ಕೇನೂ ಕೊರತೆಯಿಲ್ಲ. ಆದರೆ ಅವನು ಸೈನಿಕ, ತಂತ್ರಜ್ಞ ಅಲ್ಲ. ಈ ಕೆಲಸಕ್ಕೆ ಸರಿಹೊಂದುವವರು ಟಾಲಿ, ಲೀಜನ್ ಮತ್ತು ಕಸುಮಿ ಮಾತ್ರ.

ತಪ್ಪು ನಿಮ್ಮದು, ಪೆಟ್ಟು ಬೇರೆಯವರಿಗೆ

ಹಲವರು ಎಡವುವುದು ಇಲ್ಲೇ. ಮೊದಲ ಹಂತದಲ್ಲಿ ಎರಡನೇ ತಂಡಕ್ಕೊಬ್ಬ ನಾಯಕ ಬೇಕು. ಗ್ಯಾರಸ್, ಮಿರಾಂಡಾ, ಜೇಕಬ್ ಈ ಮೂವರು ಸೂಕ್ತರು. ಇವರನ್ನು ಬಿಟ್ಟು ಜಾಯೀದ್‌ನನ್ನು ನೇಮಿಸಿದಿರಿ ಎಂದುಕೊಳ್ಳಿ. ಅವನು ಪಳಗಿದ ಯೋಧ, ನಿಜ. ಆದರೆ ಹಡಗಿನಲ್ಲಿ ಅವನು ಹೇಳುವ ಕಥೆಗಳನ್ನು ಕಿವಿಗೊಟ್ಟು ಕೇಳಿ. ಹಲವು ಕಥೆಗಳಲ್ಲಿ ಕೊನೆಗೆ ಉಳಿಯುವುದು ಅವನೊಬ್ಬನೇ! ಅವನನ್ನು ನಾಯಕನನ್ನಾಗಿ ಮಾಡಿದರೆ ಸಾಯುವುದು ಅವನಲ್ಲ, ಬಾಗಿಲು ತೆರೆದುಕೊಟ್ಟ ತಂತ್ರಜ್ಞ.

ನಂತರ, ಮುತ್ತುವ ಹುಳುಗಳಿಂದ ಕಾಪಾಡಲು ಒಬ್ಬರು ಶಕ್ತಿಯ ಕವಚ ಹಿಡಿಯಬೇಕು. ಇಂಥ ಶಕ್ತಿ ಇರುವವರನ್ನು ಗೇಮ್‌ನಲ್ಲಿ ಬಯೋಟಿಕ್ ಎನ್ನುತ್ತಾರೆ. ಯಾವ ಬಯೋಟಿಕ್ ಆದರೂ ಇದನ್ನು ಮಾಡಬಹುದು ಎಂಬ ಅರ್ಥದ ಮಾತನ್ನು ಮಿರಾಂಡಾ ಆಡುತ್ತಾಳೆ. ಆ ವಿಶ್ವಾಸ ನೋಡಿ ಅವಳಿಗೇ ವಹಿಸಿದರೆ ಕವಚ ದುರ್ಬಲವಾಗುತ್ತದೆ, ನಿಮ್ಮ ಜೊತೆ ನಡೆಯುತ್ತಿದ್ದ ಒಬ್ಬರನ್ನು ಹುಳುಗಳು ಎಳೆದೊಯ್ಯುತ್ತವೆ. ಇದನ್ನು ತಾಳಬಲ್ಲವರು ಜ್ಯಾಕ್, ಸಮಾರಾ ಅಥವಾ ಸಮಾರಾಳ ಬದಲಿಗೆ ಬರಬಹುದಾದ ಮೊರಿಂತ್. ಒಳ್ಳೆಯ ನಾಯಕಿಯಾದ ಅದೇ ಮಿರಾಂಡಾ ಈ ಕೆಲಸಕ್ಕೆ ಸಾಲದು.

ಕಣ್ಣಿಗೆ ಕಾಣದ ಅಂಕಗಳು

ಕೊನೆಯ ಕಾಳಗಕ್ಕೆ ನೀವು ಇಬ್ಬರನ್ನು ಕರೆದೊಯ್ಯುತ್ತೀರಿ, ಉಳಿದವರು ಹಿಂದೆ ನಿಂತು ಶತ್ರುಗಳನ್ನು ತಡೆಯುತ್ತಾರೆ. ಇಲ್ಲಿ ಪ್ರತಿಯೊಬ್ಬರಿಗೂ ಅಂಕವಿದೆ, ಆದರೆ ಅದು ಪರದೆಯ ಮೇಲೆ ಕಾಣುವುದಿಲ್ಲ. ನಿಷ್ಠರಾಗಿದ್ದರೆ ಗ್ಯಾರಸ್, ಗ್ರಂಟ್, ಜಾಯೀದ್‌ಗೆ ತಲಾ 4. ಜ್ಯಾಕ್, ಟಾಲಿ, ಕಸುಮಿ, ಮಾರ್ಡಿನ್‌ಗೆ ತಲಾ 1. ಉಳಿದವರಿಗೆ 2. ಹಿಂದೆ ಐದು ಅಥವಾ ಹೆಚ್ಚು ಜನ ಇದ್ದಾಗ ಸರಾಸರಿ 2 ಬಂದರೆ ಎಲ್ಲರೂ ಕ್ಷೇಮ.

ಒಂದು ಉದಾಹರಣೆ. ನಿಮ್ಮದು ಎಂಟು ಜನರ ತಂಡ, ಎಲ್ಲರೂ ನಿಷ್ಠರು. ಬಿಡಿಸಿಕೊಂಡ ಸಿಬ್ಬಂದಿಯ ಜೊತೆ ಥೇನ್‌ನನ್ನು ಹಡಗಿಗೆ ಕಳಿಸಿದ್ದೀರಿ. ಬಲಶಾಲಿಗಳು ಬೇಕೆಂದು ಗ್ಯಾರಸ್ ಮತ್ತು ಗ್ರಂಟ್‌ರನ್ನು ನೀವೇ ಕರೆದೊಯ್ದರೆ ಹಿಂದೆ ಉಳಿಯುವವರು ಮಿರಾಂಡಾ, ಜೇಕಬ್, ಜ್ಯಾಕ್, ಮಾರ್ಡಿನ್, ಟಾಲಿ. ಒಟ್ಟು 7, ಸರಾಸರಿ 1.4. ಇಬ್ಬರು ಸಾಯುತ್ತಾರೆ. ಬದಲಿಗೆ ಮಿರಾಂಡಾ, ಜೇಕಬ್‌ರನ್ನು ಕರೆದೊಯ್ದು ಗ್ಯಾರಸ್, ಗ್ರಂಟ್‌ರನ್ನು ಹಿಂದೆ ಬಿಟ್ಟರೆ ಒಟ್ಟು 11, ಸರಾಸರಿ 2.2. ಎಲ್ಲರೂ ಬದುಕುತ್ತಾರೆ. ಜನ ಅವರೇ, ನಿಂತ ಜಾಗ ಮಾತ್ರ ಬೇರೆ.

ಹಾಗಾದರೆ ಆಯ್ಕೆ ಹೇಗೆ?

ಅಂಕಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ:

1. ಈ ಕೆಲಸಕ್ಕೆ ಬೇಕಾದ ಕೌಶಲ ಯಾವುದು? ತಂತ್ರಜ್ಞಾನವೋ, ನಾಯಕತ್ವವೋ, ತಾಳುವ ಶಕ್ತಿಯೋ?
2. ಇದೇ ಕೆಲಸವನ್ನು ಇವರು ಹಿಂದೆ ಮಾಡಿದ್ದಾರೆಯೇ? ಗ್ಯಾರಸ್ ಒಮೆಗಾದಲ್ಲಿ ತನ್ನದೇ ತಂಡ ಮುನ್ನಡೆಸಿದ್ದ. ಗ್ರಂಟ್ ಮಹಾ ಬಲಶಾಲಿ, ಆದರೆ ತೊಟ್ಟಿಯಿಂದ ಹೊರಬಂದು ಇನ್ನೂ ಹೆಚ್ಚು ದಿನವಾಗಿಲ್ಲ.
3. ಇವರು ಸೋತರೆ ಪೆಟ್ಟು ಬೀಳುವುದು ಯಾರಿಗೆ?

'ನಾನು ಮಾಡುತ್ತೇನೆ' ಎಂಬ ಮಾತನ್ನು ಅರ್ಹತೆ ಎಂದು ಲೆಕ್ಕ ಹಾಕಬೇಡಿ. ಇದು ಗೇಮ್‌ಗೆ ಮಾತ್ರ ಸೀಮಿತವಲ್ಲ. ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗಳಲ್ಲಿ ಕೊನೆಯ ಕಾಲುಭಾಗದಲ್ಲಿದ್ದವರು ತಮ್ಮನ್ನು ಸರಾಸರಿಗಿಂತ ಮೇಲೆಂದು ಅಂದಾಜಿಸಿಕೊಂಡಿದ್ದರು. ಹೀಗೇಕೆ ಆಗುತ್ತದೆ ಎಂಬ ಚರ್ಚೆ ಇಂದಿಗೂ ಇದೆ. ಆದರೆ ಒಬ್ಬರ ಆತ್ಮವಿಶ್ವಾಸ ನೋಡಿ ಅವರ ಸಾಮರ್ಥ್ಯ ಅಳೆಯಬಾರದು ಎಂಬುದು ಸ್ಪಷ್ಟ.

ನಮ್ಮ ಫೋನಿಗೆ ಬರುವ ಫಾರ್ವರ್ಡ್‌ಗಳದ್ದೂ ಇದೇ ಕಥೆ. ಮನೆಮದ್ದಿನ ಸಂದೇಶ ಕಳಿಸಿದ ಮಾವನಿಗೆ ನಮ್ಮ ಮೇಲೆ ನಿಜವಾದ ಪ್ರೀತಿಯಿದೆ, ಅದರಲ್ಲಿ ಸಂಶಯ ಬೇಡ. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಔಷಧದ ತಿಳಿವಳಿಕೆ ಇದೆ ಎಂದಾಗುವುದಿಲ್ಲ. ಆ ಮದ್ದು ತಪ್ಪಾದರೆ ಪೆಟ್ಟು ಬೀಳುವುದು ಕಳಿಸಿದವರಿಗಲ್ಲ, ಕುಡಿದವರಿಗೆ.

ಕೊನೆಯ ಮಾತು: 'ಲಾಯಲ್ಟಿ ಮುಗಿಸಿದರೆ ಯಾರೂ ಸಾಯಲ್ಲ' ಎಂಬುದು ಅರ್ಧ ಸತ್ಯ. ನಿಷ್ಠೆಯ ಜೊತೆಗೆ ಆ ಕೆಲಸಕ್ಕೆ ತಕ್ಕ ಅರ್ಹತೆಯೂ ಇದ್ದರೆ ಮಾತ್ರ ತಂಡ ಪೂರ್ತಿಯಾಗಿ ಹಿಂದಿರುಗುತ್ತದೆ. ಈ ಗೇಮ್ ಆಡುತ್ತಿರುವ ಗೆಳೆಯರಿದ್ದರೆ, ಅವರು ಆ ಕೊನೆಯ ಮಿಷನ್ ಶುರು ಮಾಡುವ ಮೊದಲೇ ಇದನ್ನು ಕಳಿಸಿಬಿಡಿ.