ಷರ್ಲಾಕ್ ಹೋಮ್ಸ್, ಅರ್ಧ ಕಟ್ಟಿದ ಸೇತುವೆ ಮತ್ತು ನಾನು ಸೋತ ಮಸಾಲೆ ದೋಸೆ

ನನಗೊಂದು ಕೆಟ್ಟ ಚಟ ಇದೆ. ಹಳೇ ಕಾಲದ ಕಥೆ ಇರೋ ಸಿನೆಮಾ ಹಾಕಿದರೆ ಸಾಕು, ಕೊಲೆ ಮಾಡಿದ್ದು ಯಾರು ಅನ್ನೋದಕ್ಕಿಂತ ಗೋಡೆ ಮೇಲೆ ಏನು ನೇತುಹಾಕಿದ್ದಾರೆ, ಆ ಇಸವಿಯಲ್ಲಿ ಅಂಥ ದೀಪ ಇತ್ತಾ ಅಂತ ಕಣ್ಣು ಹೋಗುತ್ತೆ. ಹಗಲೆಲ್ಲ ಆಫೀಸಿನಲ್ಲಿ ಬೇರೆಯವರು ಬರೆದ ಕೋಡಿನಲ್ಲಿ ಬಗ್ ಹುಡುಕೋದು, ರಾತ್ರಿ ಸಿನೆಮಾದಲ್ಲೂ ಅದೇ ಕೆಲಸ. ನನ್ನ ರೂಮ್‌ಮೇಟುಗಳು ನನ್ನ ಜೊತೆ ಕೂತು ಸಿನೆಮಾ ನೋಡೋದನ್ನ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ :-)

ಆದರೂ ಒಂದು ಶನಿವಾರ ರಾತ್ರಿ ಎಲ್ಲರೂ ಸೇರಿ 2009ರ 'ಷರ್ಲಾಕ್ ಹೋಮ್ಸ್' ನೋಡಿದೆವು. ಗೈ ರಿಚಿ ನಿರ್ದೇಶನದ್ದು, ರಾಬರ್ಟ್ ಡೌನಿ ಜೂನಿಯರ್ ಹೋಮ್ಸ್, ಜ್ಯೂಡ್ ಲಾ ವಾಟ್ಸನ್. (ನೋಡಿಲ್ಲದವರು ಕ್ಷಮಿಸಿ, ಮುಂದೆ ಕ್ಲೈಮ್ಯಾಕ್ಸ್ ಹೇಳಿಬಿಡ್ತೀನಿ.) ಕಥೆ ನಡೆಯೋದು 1890ರ ಲಂಡನ್ನಿನಲ್ಲಿ. ಕೊನೆಯ ಹೊಡೆದಾಟ ಥೇಮ್ಸ್ ನದಿಯ ಟವರ್ ಬ್ರಿಡ್ಜ್ ಮೇಲೆ. ಆ ಸೇತುವೆ ಕಂಡದ್ದೇ ತಡ, ನಾನು ಪಾಸ್ ಒತ್ತಿ ಕೂಗಿದೆ: "ತಪ್ಪು! ಟವರ್ ಬ್ರಿಡ್ಜ್ ಬಂದಿದ್ದು 1894ರಲ್ಲಿ. ಬೇಕಾದ್ರೆ ಒಂದು ಮಸಾಲೆ ದೋಸೆ ಬೆಟ್!"

ದಾವಣಗೆರೆಯ ನಮ್ಮ ರೂಮ್‌ಮೇಟ್ ಸಿವಿಲ್ ಇಂಜಿನಿಯರ್. ಅವನು ಕಡಲೆಕಾಯಿ ಸುಲಿಯುತ್ತಾ ತಣ್ಣಗೆ ಕೇಳಿದ, "ಗುರೂ, ಸೇತುವೆ ಏನು ಒಂದೇ ರಾತ್ರೀಲಿ ಎದ್ದು ನಿಲ್ತದಾ? ಸರಿಯಾಗಿ ನೋಡು, ಅರ್ಧ ಕಟ್ಟಿರೋ ಹಾಗೇ ತೋರಿಸ್ಯಾರಲ್ಲ."

ಹೌದಲ್ಲ! ಹುಡುಕಿ ನೋಡಿದರೆ 1894 ಜೂನ್ 30 ಉದ್ಘಾಟನೆಯ ದಿನ. ಅಡಿಗಲ್ಲು ಹಾಕಿದ್ದು 1886ರ ಜೂನ್‌ನಲ್ಲಿ. ನಡುವೆ ಎಂಟು ವರ್ಷ ಲಂಡನ್ನಿನ ಜನ ಅದನ್ನ ಅರ್ಧಂಬರ್ಧವಾಗಿಯೇ ನೋಡಿದ್ದು. ನಾನು ಕಂಠಪಾಠ ಮಾಡಿದ್ದು ಒಂದು ತಾರೀಖು ಮಾತ್ರ. ದೋಸೆ ಕೊಡಿಸಿದೆ, ಅವನು ಒಂದು ಪ್ಲೇಟ್ ವಡೆಯನ್ನೂ ಸೇರಿಸಿಕೊಂಡ.

ಸೋತ ಸಿಟ್ಟಿಗೆ ಆ ಸೇತುವೆಯ ಬೆನ್ನು ಬಿದ್ದೆ. ವಿನ್ಯಾಸ ಹೊರೇಸ್ ಜೋನ್ಸ್‌ದು, ಇಂಜಿನಿಯರ್ ಜಾನ್ ವುಲ್ಫ್ ಬ್ಯಾರಿ. ಕೆಲಸ ಶುರುವಾದ ಮರುವರ್ಷವೇ, 1887ರಲ್ಲಿ, ಜೋನ್ಸ್ ತೀರಿಕೊಂಡ. ಈಗ ನೋಡಿದರೆ ಕೋಟೆಯ ಹಾಗೆ ಕಾಣುವ ಆ ಗೋಪುರಗಳು ನಿಜಕ್ಕೂ ಕಲ್ಲಿನ ಕಟ್ಟಡಗಳಲ್ಲ, ಒಳಗೆ ಇರೋದು ಉಕ್ಕಿನ ಅಸ್ಥಿಪಂಜರ. ಒಟ್ಟು 11,000 ಟನ್‌ಗೂ ಹೆಚ್ಚು ಉಕ್ಕು. ಮೇಲಿನ ಕಲ್ಲು ಬರೀ ಹೊದಿಕೆ, ನಮ್ಮ ಮನೆ ಗೋಡೆಗೆ ಟೈಲ್ಸ್ ಅಂಟಿಸಿದ ಹಾಗೆ. ನದಿಯ ನಡುವೆ ಆ ಗೋಪುರಗಳಿಗೆ ಬುನಾದಿ ಎಬ್ಬಿಸೋದಕ್ಕೇ ಮೊದಲ ನಾಲ್ಕು ವರ್ಷ ಹಿಡಿದವು. ಅಂದರೆ 1890ರಲ್ಲಿ ಉಕ್ಕಿನ ಕೆಲಸ ಇನ್ನೂ ಮೇಲೇಳುತ್ತಾ ಇತ್ತು ಅಷ್ಟೆ. ಹೋಮ್ಸ್ ಮತ್ತು ಖಳನಾಯಕ ಲಾರ್ಡ್ ಬ್ಲಾಕ್‌ವುಡ್ ಅಷ್ಟು ಎತ್ತರದಲ್ಲಿ ಹೊಡೆದಾಡೋಕೆ ಇನ್ನೊಂದೆರಡು ವರ್ಷ ಕಾಯಬೇಕಿತ್ತು. ಹಾಗಾಗಿ ಸಿನೆಮಾದವರದ್ದೂ ತಪ್ಪೇ, ಆದರೆ ನನ್ನದಕ್ಕಿಂತ ಸಣ್ಣ ತಪ್ಪು.

ಅದಕ್ಕಿಂತ ದೊಡ್ಡ ತಪ್ಪನ್ನ ನಾನು ಗಮನಿಸಿಯೇ ಇರಲಿಲ್ಲ. ಪಾರ್ಲಿಮೆಂಟಿನ ಕೆಳಗಿನ ಚರಂಡಿಯಲ್ಲಿ ಇಟ್ಟ ವಿಷದ ಯಂತ್ರದ ಒಂದು ಭಾಗವನ್ನ ಕಿತ್ತುಕೊಂಡು ಐರೀನ್ ಆಡ್ಲರ್ ಓಡ್ತಾಳೆ, ಹೋಮ್ಸ್ ಹಿಂದೆಯೇ ಓಡ್ತಾನೆ, ಒಂದೆರಡು ನಿಮಿಷದಲ್ಲಿ ಟವರ್ ಬ್ರಿಡ್ಜ್ ಮೇಲೆ ಪ್ರತ್ಯಕ್ಷ. ವೆಸ್ಟ್‌ಮಿನ್‌ಸ್ಟರ್‌ನಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಮೂರೂವರೆ ಕಿಲೋಮೀಟರ್! ವಿಧಾನಸೌಧದ ಹತ್ತಿರ ಮೋರಿಗೆ ಇಳಿದವನು ಉಸಿರೂ ಕಟ್ಟದೆ ಲಾಲ್‌ಬಾಗಿನಲ್ಲಿ ತಲೆ ಎತ್ತಿದ ಹಾಗೆ.

ವಾಟ್ಸನ್‌ನ ಹೆಂಡತಿಯಾಗುವ ಮೇರಿ ಮಾರ್ಸ್ಟನ್ ವಿಷಯ ಇನ್ನೊಂದು. ಸಿನೆಮಾದಲ್ಲಿ ಹೋಮ್ಸ್ ಅವಳನ್ನ ಮೊದಲ ಸಲ ನೋಡೋದು ಹೋಟೆಲಿನ ಊಟದ ಮೇಜಿನಲ್ಲಿ. ಅಧಿಕಪ್ರಸಂಗ ಮಾಡಿ ಮುಖಕ್ಕೆ ವೈನ್ ಎರಚಿಸಿಕೊಳ್ತಾನೆ. ಡಾಯ್ಲ್‌ನ ಪುಸ್ತಕದಲ್ಲಾದರೆ ಮೇರಿ ಬರೋದೇ ಹೋಮ್ಸ್‌ನ ಕಕ್ಷಿದಾರಳಾಗಿ. ವಾಟ್ಸನ್ ಅವಳನ್ನ ಭೇಟಿಯಾಗೋದೇ ಹೋಮ್ಸ್‌ನ ಕೋಣೆಯಲ್ಲಿ.

ಇಷ್ಟು ಬಗ್ ಹಿಡಿದು ಮೂಲ ಕಥೆಗಳನ್ನ ತಿರುವಿದಾಗ ನಗು ಬಂತು. ಯಾಕಂದ್ರೆ ಕಂಟಿನ್ಯುಟಿ ತಪ್ಪುಗಳಲ್ಲಿ ಕಾನನ್ ಡಾಯ್ಲ್ ಸಾಹೇಬರನ್ನ ಮೀರಿಸಿದವರಿಲ್ಲ! ಮೊದಲ ಕಾದಂಬರಿಯಲ್ಲಿ ವಾಟ್ಸನ್‌ಗೆ ಆಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ (1880) ಗುಂಡು ತಗುಲಿದ್ದು ಹೆಗಲಿಗೆ. ಎರಡನೆಯ ಕಾದಂಬರಿ ಬರೋ ಹೊತ್ತಿಗೆ ಗಾಯ ಕಾಲಿಗೆ ಇಳಿದಿದೆ. ಜಾನ್ ವಾಟ್ಸನ್‌ನನ್ನ ಒಂದು ಕಥೆಯಲ್ಲಿ ಸ್ವಂತ ಹೆಂಡತಿಯೇ "ಜೇಮ್ಸ್" ಅಂತ ಕರೀತಾಳೆ. ಇದನ್ನ ಸಮರ್ಥಿಸೋಕೆ ಪತ್ತೇದಾರಿ ಲೇಖಕಿ ಡೊರೊತಿ ಸೇಯರ್ಸ್ ಒಂದು ವಾದವನ್ನೇ ಹೂಡಿದರು. ಜಾನ್ ಎಚ್. ವಾಟ್ಸನ್‌ನಲ್ಲಿರೋ 'ಎಚ್' ಅಂದರೆ ಹೇಮಿಷ್, ಹೇಮಿಷ್ ಅಂದರೆ ಜೇಮ್ಸ್‌ಗೆ ಸ್ಕಾಟ್‌ಲೆಂಡಿನ ರೂಪ ಅಂತ. ಅಭಿಮಾನ ಅಂದರೆ ಹೀಗಿರಬೇಕು ನೋಡಿ. ಕೆಂಪು ಕೂದಲಿನವರ ಸಂಘದ ಕಥೆಯಲ್ಲಿ ಜಾಹೀರಾತು ಬರೋದು 1890ರ ಏಪ್ರಿಲ್ 27ಕ್ಕೆ, ಕೆಲಸ ನಡೆಯೋದು ಎಂಟು ವಾರ, ಸಂಘ ಮುಚ್ಚೋದು ಮಾತ್ರ ಅಕ್ಟೋಬರ್ 9ಕ್ಕೆ! ಇಂಥ ತಾರೀಖಿನ ಲೆಕ್ಕ ನಮ್ಮ ಟೆಸ್ಟಿಂಗ್ ಟೀಮ್ ಕೈಗೆ ಸಿಕ್ಕಿದ್ದರೆ ಡಾಯ್ಲ್‌ಗೆ ವೀಕೆಂಡೇ ಇರ್ತಿರಲಿಲ್ಲ.

ಸಿನೆಮಾದವರ ಪರವಾಗಿ ಒಂದು ಮಾತು ಹೇಳಲೇಬೇಕು. ಮೊದಲ ಕಾದಂಬರಿಯಲ್ಲಿ ವಾಟ್ಸನ್ ತನ್ನ ಹತ್ತಿರ ಒಂದು ಬುಲ್ ಜಾತಿಯ ಮರಿ ಇದೆ ಅಂತಾನೆ. ಆಮೇಲೆ ಆ ನಾಯಿಯ ಸುದ್ದಿಯೇ ಇಲ್ಲ, ಡಾಯ್ಲ್ ಮರೆತೇಬಿಟ್ಟ. ಸಿನೆಮಾದವರು ಅದನ್ನ ನೆನಪಿಟ್ಟುಕೊಂಡು ಗ್ಲಾಡ್‌ಸ್ಟನ್ ಅನ್ನೋ ಬುಲ್‌ಡಾಗ್ ಸಾಕಿಸಿದ್ದಾರೆ. ಇದನ್ನ ಕಂಡುಹಿಡಿದಾಗ ಆದ ಖುಷಿ ತಪ್ಪು ಹಿಡಿದಾಗಲೂ ಆಗಿರಲಿಲ್ಲ.

ಈಗ ನನ್ನನ್ನ ನಿದ್ದೆಗೆಡಿಸಿದ ವಿಷಯಕ್ಕೆ ಬರ್ತೀನಿ. ಬ್ಲಾಕ್‌ವುಡ್‌ನ ಯಂತ್ರವನ್ನ ದೂರದಿಂದಲೇ, ತಂತಿ ಇಲ್ಲದೆ, ಚಾಲೂ ಮಾಡಬಹುದು. ಮೇಲೆ ಸೇತುವೆಯಲ್ಲಿ ಹೊಡೆದಾಟ ನಡೀತಿದ್ದಾಗ ಕೆಳಗೆ ಮೋರಿಯಾರ್ಟಿ ಆ ನಿಸ್ತಂತು ಪೆಟ್ಟಿಗೆಯನ್ನ ಎಗರಿಸಿಕೊಂಡು ಹೋಗ್ತಾನೆ. ರೇಡಿಯೋ ಅಲೆಗಳಿಂದ ಯಂತ್ರಗಳನ್ನ ಆಳೋ ಕಾಲ ಬರುತ್ತೆ ಅಂತ ಹೋಮ್ಸ್ ವಾಟ್ಸನ್‌ಗೆ ವಿವರಿಸ್ತಾನೆ. ಆಗ 'ರೇಡಿಯೋ ಅಲೆ' ಅನ್ನೋ ಮಾತೇ ಬಳಕೆಯಲ್ಲಿರಲಿಲ್ಲ, ಹರ್ಟ್ಸ್ ಅಲೆ ಅಂತಿದ್ರು. ಹರ್ಟ್ಸ್ ಜರ್ಮನಿಯಲ್ಲಿ ಆ ಅಲೆಗಳನ್ನ ತೋರಿಸಿದ್ದು 1887-88ರಲ್ಲಿ. ಅವನ್ನ ಹಿಡಿಯೋಕೆ ಲೋಹದ ಪುಡಿ ತುಂಬಿದ ಗಾಜಿನ ಕೊಳವೆ ಆಗುತ್ತೆ ಅಂತ ಪ್ಯಾರಿಸ್ಸಿನ ಬ್ರಾನ್ಲಿ ತೋರಿಸಿದ್ದು 1890ರಲ್ಲಿ. ಅಂದರೆ ಬಿಡಿಭಾಗಗಳು ಆಗಲೇ ಜಗತ್ತಿನಲ್ಲಿ ಇದ್ದವು, ಜೋಡಿಸಿದವರು ಇರಲಿಲ್ಲ. ಜೋಡಿಸಿದ್ದರೂ ಕಷ್ಟವಿತ್ತು. ಅಂಥ ಕೊಳವೆಗೆ ಇದು ನನ್ನ ಯಜಮಾನನ ಸಿಗ್ನಲ್ಲು, ಇದು ಬೇರೆಯವರದು ಅನ್ನೋ ಭೇದ ಗೊತ್ತಾಗಲ್ಲ. ರಷ್ಯಾದ ಪೊಪೊವ್ 1895ರಲ್ಲಿ ಅದನ್ನೇ ಬಳಸಿ ಮಿಂಚು ಹೊಡೆಯೋದನ್ನ ಗುರುತಿಸಿದ. ಬ್ಲಾಕ್‌ವುಡ್‌ನ ಯಂತ್ರ ಲಂಡನ್ನಿನ ಒಂದು ಗುಡುಗು ಮಳೆಗೇ ಚಾಲೂ ಆಗಿಬಿಡ್ತಿತ್ತೇನೋ.

ನಿಜವಾಗಿ ದೂರದಿಂದ ಸಿಡಿಮದ್ದು ಹೊತ್ತಿಸಿ ತೋರಿಸಿದವರಲ್ಲಿ ನಮ್ಮ ಜಗದೀಶ್ ಚಂದ್ರ ಬೋಸ್ ಒಬ್ಬರು. ಸಿನೆಮಾದ ಕಥೆ ನಡೆಯೋ 1890ರಲ್ಲಿ ಅವರು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡ್ತಾ ಇದ್ದರು. 1894ರಲ್ಲಿ ಹರ್ಟ್ಸ್ ತೀರಿಕೊಂಡ ಮೇಲೆ ಆಲಿವರ್ ಲಾಡ್ಜ್ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸ ಅಚ್ಚಾಯಿತು, ಅದನ್ನ ಓದಿ ಬೋಸ್ ಈ ಕೆಲಸಕ್ಕೆ ಕೈ ಹಾಕಿದರು. ಆಮೇಲೆ ಕಲ್ಕತ್ತಾದಲ್ಲಿ ಜನರೆದುರು ಗೋಡೆ ದಾಟಿ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದಿನಪುಡಿ ಹೊತ್ತಿಸಿದರು. ಮಾರ್ಕೋನಿ ಬ್ರಿಟನ್ನಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು 1896ರ ಜೂನ್‌ನಲ್ಲಿ.

ಇಲ್ಲಿ ನನ್ನ ಗುಟ್ಟು ಹೇಳಿಬಿಡ್ತೀನಿ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಭಾಷಣ ಸ್ಪರ್ಧೆಗೆ "ಮಾರ್ಕೋನಿ ಕದ್ದ ರೇಡಿಯೋ" ಅಂತ ಮಾತಾಡಿ ಮೊದಲ ಬಹುಮಾನ ಹೊಡೆದಿದ್ದೆ. ಬೋಸರ ಹತ್ತಿರ ರೇಡಿಯೋ ಇತ್ತು, ಮಾರ್ಕೋನಿ ಬಂದು ಎತ್ತಿಕೊಂಡು ಹೋದ, ಮುಗೀತು. ಸಿಕ್ಕಾಪಟ್ಟೆ ಚಪ್ಪಾಳೆ. ಈ ಸಿನೆಮಾ ನೋಡೋವಾಗ ಥಟ್ಟನೆ ಹೊಳೆದಿದ್ದು ಏನಂದ್ರೆ, ನನ್ನ ಭಾಷಣದ ಕಥೆಯೂ ಮೋರಿಯಾರ್ಟಿಯ ಕಥೆಯೂ ಒಂದೇ. ಒಬ್ಬ ಜಾಣ, ಒಂದು ಪೆಟ್ಟಿಗೆ, ಒಬ್ಬ ಕಳ್ಳ.

ನಡೆದದ್ದು ಹಾಗಲ್ಲ. ಬೋಸರು ಕೆಲಸ ಮಾಡಿದ್ದು ಮಿಲಿಮೀಟರ್ ಲೆಕ್ಕದ ಗಿಡ್ಡ ಅಲೆಗಳ ಮೇಲೆ. ಅವು ಬೆಳಕಿನ ಹಾಗೆ ಬಾಗುತ್ತವಾ, ಪ್ರತಿಫಲಿಸುತ್ತವಾ ಅನ್ನೋದು ಅವರ ಪ್ರಶ್ನೆ. ಮಾರ್ಕೋನಿಗೆ ಬೇಕಾಗಿದ್ದು ಉದ್ದದ ಅಲೆ, ದೂರದೂರಿಗೆ ತಂತಿಯಿಲ್ಲದ ಟೆಲಿಗ್ರಾಂ. ಹಾಗಂತ ಮಾರ್ಕೋನಿ ಪೂರ್ತಿ ಸಾಚಾ ಅಂತಲೂ ಅಲ್ಲ. 1901ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್ ದಾಟಿ ಬಂದ ಸಿಗ್ನಲ್ ಹಿಡಿಯೋಕೆ ಅವನು ಬಳಸಿದ ಪಾದರಸದ ಕೊಹೆರರ್, ಇಟಲಿಯ ನೌಕಾಪಡೆಯಿಂದ ಬಂದದ್ದು. ಅದರ ಮೂಲ ಬೋಸರು 1899ರಲ್ಲಿ ರಾಯಲ್ ಸೊಸೈಟಿಗೆ ವರದಿ ಮಾಡಿದ ಸಾಧನ ಅಂತ ಸುಮಾರು ನೂರು ವರ್ಷ ಆದಮೇಲೆ ಇಂಜಿನಿಯರುಗಳು ದಾಖಲೆ ಸಮೇತ ವಾದಿಸಿದರು. ಮಾರ್ಕೋನಿ ಬೋಸರ ಹೆಸರು ಎತ್ತಲಿಲ್ಲ. ಇದು ನ್ಯಾಯವಾದ ಸಿಟ್ಟು, ನನಗೆ ಈಗಲೂ ಇದೆ. ಆದರೆ ಬೋಸರಿಗೇ ಪೇಟೆಂಟ್ ಅಂದರೆ ಆಗ್ತಿರಲಿಲ್ಲ. ಸ್ನೇಹಿತರ ಒತ್ತಾಯಕ್ಕೆ ಅಮೆರಿಕದಲ್ಲಿ ಒಂದು ಸಿಕ್ಕಿತು, 1904ರಲ್ಲಿ. ಅದರಿಂದ ದುಡ್ಡು ಮಾಡೋಕೆ ಅವರು ಹೋಗಲಿಲ್ಲ. ನನ್ನ ಭಾಷಣದಲ್ಲಿ ಇದ್ಯಾವುದೂ ಇರಲಿಲ್ಲ. ಹರ್ಟ್ಸ್, ಬ್ರಾನ್ಲಿ, ಲಾಡ್ಜ್, ಪೊಪೊವ್ ಯಾರೂ ಇರಲಿಲ್ಲ. ಬೋಸರ ಅಲೆ ಎಷ್ಟು ಗಿಡ್ಡ ಅನ್ನೋದೂ ಇರಲಿಲ್ಲ. ಐದು ಮಿಲಿಮೀಟರಿನ ಅಲೆ ಹುಟ್ಟಿಸಿದ್ದು ಎಂಥಾ ಸಾಹಸ ಅಂತ ಆವತ್ತು ನನಗೆ ಗೊತ್ತೇ ಇರಲಿಲ್ಲ. ಅದನ್ನ ಹೇಳಿದ್ದರೆ ಅವರ ನಿಜವಾದ ದೊಡ್ಡಸ್ತಿಕೆಯನ್ನಾದರೂ ಹೇಳಿದ ಹಾಗಾಗ್ತಿತ್ತು.

ಇದನ್ನೆಲ್ಲ ರೂಮ್‌ಮೇಟ್‌ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾರೆ ಆವತ್ತು ಗೆದ್ದ ಬಹುಮಾನ?" ಅಂದ. ಒಂದು ಡಿಕ್ಷನರಿ. ಊರಲ್ಲಿ ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಭಾಷಣ ಬರೆದ ಹಾಳೆಗಳೂ ಅದರೊಳಗೇ ಇರಬೇಕು. ದೀಪಾವಳಿಗೆ ಹೋದಾಗ ತೆಗೆದು ನೋಡಬೇಕು.