ಸಾಕ್ಷಿಯ ಒಂದು ದಿನದ ಕೂಲಿ

ಕೆಲವು ದಿನಗಳ ಹಿಂದೆ ಅಮೆರಿಕದ ಬಾಸ್ಟನ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಸೋಲೂರಿನ ಶಾಲೆಯಲ್ಲಿ ಕಡೆಯ ಬೆಂಚಿನಲ್ಲಿ ಕುಳಿತು, ಪಾಠ ಕೇಳುವುದನ್ನು ಬಿಟ್ಟು ಹೆದ್ದಾರಿಯ ಲಾರಿಗಳನ್ನು ಎಣಿಸುತ್ತಿದ್ದ ಹುಡುಗ ಅವನು. ಈಗ ಅಲ್ಲಿನ ಪೌರನಾಗಿದ್ದಾನೆ. "ಮೇಷ್ಟ್ರೇ, ನನ್ನನ್ನು ಜ್ಯೂರಿಗೆ ಕರೆದಿದ್ದರು. ಮೂರು ದಿನ ನ್ಯಾಯಾಲಯದಲ್ಲಿದ್ದೆ, ಕಂಪನಿಯವರು ಮೂರು ದಿನದ ಸಂಬಳವನ್ನೂ ಕೊಟ್ಟರು. ನಮ್ಮೂರಲ್ಲಿ ಹೀಗೆ ಯಾವತ್ತಾದರೂ ಇತ್ತೇ?" ಎಂದು ಕೇಳಿದ. ಅವನಿರುವ ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನಿನಂತೆ ಜ್ಯೂರಿ ಸೇವೆಯ ಮೊದಲ ಮೂರು ದಿನಗಳ ಸಂಬಳ ಮಾಲೀಕನ ಹೊಣೆ. ಆಮೇಲಿನ ದಿನಗಳಿಗೆ ರಾಜ್ಯವೇ ದಿನಕ್ಕೆ 50 ಡಾಲರ್ ಕೊಡುತ್ತದೆ.

ಅವನಿಗೆ ಆಗ ಎರಡು ಮಾತಿನಲ್ಲಿ ಉತ್ತರ ಹೇಳಿದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು. ಅದು ನಾನು ಬಹಳ ಕಾಲದಿಂದ ಯಾರಿಗೂ ಹೇಳದಿದ್ದ ಒಂದು ಹಳೆಯ ಸಂಗತಿಯನ್ನು ನೆನಪಿಗೆ ತಂದಿತು. ಆದುದರಿಂದ ಇಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಜ್ಯೂರಿಯ ವಿಷಯ. ನಮ್ಮ ದೇಶದಲ್ಲಿಯೂ ಜ್ಯೂರಿ ಪದ್ಧತಿ ಇತ್ತು. ಬ್ರಿಟಿಷರು ತಂದ ಈ ಪದ್ಧತಿ ಎಲ್ಲ ಜಿಲ್ಲೆಗಳಲ್ಲೂ ಇರಲಿಲ್ಲ. ಜ್ಯೂರಿ ಇಲ್ಲದ ಕಡೆ ಸೆಷನ್ಸ್ ನ್ಯಾಯಾಧೀಶರಿಗೆ ಸಲಹೆ ಹೇಳಲು 'ಅಸೆಸರ್' ಎಂಬವರು ಕೂರುತ್ತಿದ್ದರು. 1955ರ ತಿದ್ದುಪಡಿ ಅಸೆಸರುಗಳನ್ನು ತೆಗೆದುಹಾಕಿತು. 1959ರಲ್ಲಿ ಮುಂಬಯಿಯಲ್ಲಿ ನೌಕಾದಳದ ಕಮಾಂಡರ್ ನಾನಾವತಿಯ ಮೊಕದ್ದಮೆ ನಡೆದು, ಒಂಬತ್ತು ಮಂದಿ ಜ್ಯೂರಿಗಳಲ್ಲಿ ಎಂಟು ಮಂದಿ ಆತ ನಿರಪರಾಧಿ ಎಂದರು. ಹೈಕೋರ್ಟು ಅದನ್ನು ಒಪ್ಪದೆ ಶಿಕ್ಷೆ ವಿಧಿಸಿತು. ಆ ಮೊಕದ್ದಮೆಯಿಂದಲೇ ಜ್ಯೂರಿ ಪದ್ಧತಿ ಹೋಯಿತೆಂದು ಬಹಳ ಮಂದಿ ಹೇಳುತ್ತಾರೆ. ಆದರೆ ಅದಕ್ಕೂ ಹಿಂದೆಯೇ, 1958ರಲ್ಲಿ, ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ ಅದನ್ನು ಕೈಬಿಡಬೇಕೆಂದು ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವಿರಲಿಲ್ಲ.

ಜ್ಯೂರಿ ಹೋಯಿತು, ಸಾಕ್ಷಿ ಉಳಿದ. ನಮ್ಮ ಹಳ್ಳಿಗಾಡಿನ ಸಾಮಾನ್ಯ ಮನುಷ್ಯ ನ್ಯಾಯಾಲಯದ ಕೆಲಸಕ್ಕೆ ತನ್ನ ದಿನವನ್ನು ಕೊಡುವುದು ಸಾಕ್ಷಿಯಾಗಿ. ಆ ದಿನದ ಕೂಲಿಯನ್ನು ಅವನಿಗೆ ತುಂಬಿಕೊಡುವವರು ಯಾರು? ನಮ್ಮ ಮಟ್ಟಿಗೆ ನಿಜವಾದ ಪ್ರಶ್ನೆ ಇದು.

ಈ ಪ್ರಶ್ನೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ. 1909ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದಿತು. ಆ ಅನುವಾದದಂತೆ, ಸಾಕ್ಷಿಗೆ ಪಣದ ಎಂಟನೆಯ ಒಂದು ಭಾಗ ಭೃತಿ. ಅದರ ಜೊತೆಗೆ ದಾರಿಯ ಊಟದ ಖರ್ಚು. ಎರಡನ್ನೂ ಸೋತ ಪಕ್ಷದವನು ತೆರಬೇಕು. ಸಾಕ್ಷಿ ಹೇಳಲು ಬಂದವನು ಹಸಿದು ಹಿಂದಿರುಗಬಾರದೆಂಬ ವಿವೇಕ ಅಷ್ಟು ಹಿಂದೆಯೇ ಇತ್ತು.

ಇಂದಿಗೂ ನ್ಯಾಯಾಲಯದ ಆವರಣದಲ್ಲಿ ಸಾಕ್ಷಿಗೆ ಕೊಡುವ ಹಣಕ್ಕೆ 'ಬ್ಯಾಟಾ' ಎನ್ನುತ್ತಾರೆ. 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶವು ಈ ಮಾತು ನಮ್ಮ ಕನ್ನಡದ 'ಭತ್ತ'ದಿಂದಲೇ ಬಂದಿರಬಹುದೆಂದು ಊಹಿಸುತ್ತದೆ. ಹಾಗಿದ್ದರೆ ಸಾಕ್ಷಿಯ ಹಣದ ಹೆಸರಿನಲ್ಲಿಯೇ ಅನ್ನವಿದೆ ಎಂದಾಯಿತು.

ಇನ್ನು ನನ್ನ ಸಂಗತಿ. ಎಂಬತ್ತರ ದಶಕದ ಆರಂಭವಿರಬೇಕು. ಒಂದು ಸಂಜೆ ಶಾಲೆ ಬಿಟ್ಟು ಬರುತ್ತಿದ್ದಾಗ ಕುಣಿಗಲ್ಲಿನ ಕಡೆಯಿಂದ ಬಂದ ಲಾರಿಯೊಂದು ಸೈಕಲ್ ಸವಾರನೊಬ್ಬನಿಗೆ ಬಡಿಯಿತು. ನೋಡಿದವರು ಹಲವರಿದ್ದರೂ ಪೊಲೀಸರು ಬರುವ ಹೊತ್ತಿಗೆ ಉಳಿದವರು ಇಬ್ಬರೇ: ನಾನು, ಮತ್ತು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ಒಬ್ಬ ಕೂಲಿಯಾಳು. ಗಾಯಾಳುವಿನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದವನು ಆತನೇ. ಇಬ್ಬರೂ ಹೇಳಿಕೆ ಕೊಟ್ಟೆವು. ಮಹಜರಿಗೆ ನಾನು ರುಜು ಹಾಕಿದೆ, ಆತ ಹೆಬ್ಬೆಟ್ಟು ಒತ್ತಿದ.

ಎರಡು ವರ್ಷದ ಮೇಲೆ ಇಬ್ಬರಿಗೂ ಸಮನ್ಸು ಬಂದಿತು. ಬೆಳಿಗ್ಗೆಯ ಬಸ್ಸು ಹಿಡಿದು ಒಟ್ಟಿಗೇ ಹೋದೆವು. ಯಾವ ನ್ಯಾಯಾಲಯವೆಂಬುದು ಇಲ್ಲಿ ಮುಖ್ಯವಲ್ಲ. ಮೊದಲ ಸಲ ಆರೋಪಿಯ ಪರ ವಕೀಲರು ಬರಲಿಲ್ಲವೆಂದು ಮುಂದಿನ ತಾರೀಖು ಕೊಟ್ಟರು. ಎರಡನೆಯ ಸಲ ಸಾಯಂಕಾಲದವರೆಗೆ ಹೊಂಗೆಮರದ ಕೆಳಗೆ ಕಾದು ಹಿಂದಿರುಗಿದೆವು. ಮೂರನೆಯ ಸಲ ನಮ್ಮ ಸಾಕ್ಷ್ಯ ಹತ್ತು ನಿಮಿಷದಲ್ಲಿ ಮುಗಿಯಿತು.

ನನಗೆ ಮೂರು ದಿನದ ಸಂಬಳವೂ ಬಂದಿತು. ಸರಕಾರಿ ನೌಕರನಿಗೆ ತನ್ನ ಸ್ವಂತ ಹಿತ ಅಡಗಿಲ್ಲದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಕರೆ ಬಂದರೆ ವಿಶೇಷ ಸಾಂದರ್ಭಿಕ ರಜೆ ಕೊಡುವ ಪದ್ಧತಿಯಿತ್ತು. ನ್ಯಾಯಾಲಯದಿಂದ ಹಾಜರಾತಿಯ ಪ್ರಮಾಣಪತ್ರ ತಂದು ಕೊಟ್ಟರೆ ಸಾಕು. ಕೇಂದ್ರ ಸರಕಾರದ ರಜಾ ನಿಯಮದಲ್ಲಂತೂ ಸಾಕ್ಷಿಯ ಜೊತೆಗೆ ಜ್ಯೂರರ್, ಅಸೆಸರ್ ಎಂಬ ಪದಗಳೂ ಇದ್ದವು. ಸೇವೆ ರದ್ದಾದ ಮೇಲೂ ಅದಕ್ಕೆ ಸಿಗುತ್ತಿದ್ದ ರಜೆ ಕಾಗದದಲ್ಲಿ ಉಳಿದುಕೊಂಡಿತ್ತು!

ನನ್ನ ಜೊತೆಗಾರನಿಗೆ ಇಂತಹ ಯಾವ ಕಾಗದವೂ ಇರಲಿಲ್ಲ. ಎರಡನೆಯ ತಾರೀಖು ಬಂದದ್ದು ಅವನು ದುಡಿಯುತ್ತಿದ್ದ ಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದ ವಾರದಲ್ಲಿ. ರೇಷ್ಮೆ ಸಾಕಿದವರಿಗೆ ಗೊತ್ತು, ಆಗ ಹುಳು ಸೊಪ್ಪಿಗೆ ಒಂದು ಹೊತ್ತೂ ಕಾಯುವುದಿಲ್ಲ. ತೋಟದವರು ಬೇರೆ ಆಳನ್ನು ಕರೆದು ಆ ಕೂಲಿಯನ್ನು ಅವನಿಗೆ ಕೊಟ್ಟರು. ಅವರದೂ ತಪ್ಪೆನ್ನಲಾರೆ. ಹಿಂದಿರುಗುವ ಬಸ್ಸಿನಲ್ಲಿ ಆತ ಹೇಳಿದ: "ನಿಮಗೇನು ಮೇಷ್ಟ್ರೇ, ಇಲ್ಲಿ ಕುಂತ್ರೂ ಸಂಬಳ ನಡೀತದೆ. ನಾನು ಬಂದಿದ್ದಕ್ಕೆ ಮನೇಲಿ ಎರಡು ದಿನದ ರಾಗಿ ಹೋಯ್ತು." ಕೋಪದಿಂದ ಹೇಳಿದ ಮಾತಲ್ಲ ಅದು. ಲೆಕ್ಕ ಹೇಳಿದಂತಿತ್ತು. ನಾನು ಬಸ್ಸಿನ ಚಾರ್ಜು ಕೊಟ್ಟು ಸುಮ್ಮನಾದೆ.

ಕಾನೂನಿನಲ್ಲಿ ಅವನಿಗೆ ಏನೂ ಇರಲಿಲ್ಲವೆ? ಇತ್ತು ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ವಕೀಲ ಮಿತ್ರರೊಬ್ಬರ ಮನೆಯಲ್ಲಿ ಪುಸ್ತಕ ತಿರುವುತ್ತಿದ್ದಾಗ. ಸಿವಿಲ್ ಮೊಕದ್ದಮೆಯಲ್ಲಿ 1908ರ ಸಂಹಿತೆಯ ಹದಿನಾರನೆಯ ಆದೇಶ ಸ್ಪಷ್ಟವಾಗಿದೆ. ಸಾಕ್ಷಿಯನ್ನು ಕರೆಸುವವನು ಅವನ ಪ್ರಯಾಣದ ಖರ್ಚನ್ನೂ ಒಂದು ದಿನದ ಹಾಜರಿಯ ಖರ್ಚನ್ನೂ ಮೊದಲೇ ನ್ಯಾಯಾಲಯದಲ್ಲಿ ಕಟ್ಟಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಕರೆಸುವುದು ಸರಕಾರ. ಅಲ್ಲಿನ ಮಾತು ಬೇರೆ. 1898ರ ಸಂಹಿತೆಯ 544ನೆಯ ಕಲಮು, 1973ರ ಸಂಹಿತೆಯ 312ನೆಯ ಕಲಮು ಎರಡರ ತಾತ್ಪರ್ಯವೂ ಒಂದೇ: ನ್ಯಾಯಾಲಯಕ್ಕೆ ಸರಿಯೆಂದು ತೋರಿದರೆ ಸಾಕ್ಷಿಯ ಯುಕ್ತ ಖರ್ಚನ್ನು ಸರಕಾರದಿಂದ ಕೊಡಿಸಬಹುದು. ಸಾಕ್ಷಿ ಮಾತ್ರ ಬರಲೇಬೇಕು. ಸಕಾರಣವಿಲ್ಲದೆ ತಪ್ಪಿಸಿಕೊಂಡರೆ 1973ರ ಸಂಹಿತೆಯಲ್ಲಿ ನೂರು ರೂಪಾಯಿಯವರೆಗೆ ದಂಡವಿತ್ತು. ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನನಗೆ ಅಂದು 'ಬೇಕು', 'ಬಹುದು' ಎಂಬ ಎರಡು ಕ್ರಿಯಾಪದಗಳ ನಡುವಿನ ದೂರ ಅರಿವಾಯಿತು. ನಾನು ಆ ದಿನ ನ್ಯಾಯಾಧೀಶರ ಮುಂದೆ ನಿಂತು, "ಸ್ವಾಮಿ, ಈತನಿಗೆ ಖರ್ಚು ಕೊಡಿಸಬೇಕು" ಎಂದು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ. ಓದು ಬಲ್ಲವನು ನಾನೊಬ್ಬನೇ ಇದ್ದೆ.

ಅಂಗಡಿ, ಖಾಸಗಿ ಕಚೇರಿಗಳ ನೌಕರರ ಸ್ಥಿತಿಯೂ ಹೆಚ್ಚು ಉತ್ತಮವಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಸಂಬಳಸಹಿತ ರಜೆ ಕೂಡುತ್ತದೆ. ಸಾಕ್ಷಿಗೆ ಹೋಗುವವನು ಹಬ್ಬಕ್ಕೋ ಮಗಳ ಹೆರಿಗೆಗೋ ಇಟ್ಟುಕೊಂಡ ಆ ರಜೆಯನ್ನೇ ಖರ್ಚು ಮಾಡಬೇಕು. ದಿನಗೂಲಿಯವನಿಗೆ ಅದೂ ಇಲ್ಲ.

ದೊಡ್ಡವರು ಇದನ್ನು ಗಮನಿಸಲಿಲ್ಲವೆಂದಲ್ಲ. 2000ದಲ್ಲಿ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಾಧ್ವಾ ಅವರು ಸಾಕ್ಷಿಗಳ ಪಾಡನ್ನು ನೊಂದು ಬರೆದರು. ಮೇಲಿಂದ ಮೇಲೆ ತಾರೀಖು, ಕೂರಲು ಜಾಗವಿಲ್ಲ, ಊಟದ ಭತ್ಯೆಯೂ ಸರಿಯಾಗಿ ಸಿಗುವುದಿಲ್ಲ. 2003ರಲ್ಲಿ ವರದಿ ಕೊಟ್ಟ ಸಮಿತಿಗೆ ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರು ಅಧ್ಯಕ್ಷರು. ಸಾಕ್ಷಿಯನ್ನು ಗೌರವದಿಂದ ಕಾಣಬೇಕು, ಭತ್ಯೆಯ ದರವನ್ನು ಪರಿಷ್ಕರಿಸಬೇಕು, ಹಣ ತಡವಿಲ್ಲದೆ ಕೈಸೇರಬೇಕು ಎಂದು ಆ ವರದಿ ಹೇಳಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಸಾಕ್ಷಿಯ ಜೀವಕ್ಕೆ ಒದಗುವ ಅಪಾಯವನ್ನು ಕುರಿತದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ದೃಶ್ಯ-ಶ್ರವ್ಯ ಸಾಧನಗಳ ಮೂಲಕ ಸಾಕ್ಷ್ಯ ಪಡೆಯಲು ಅವಕಾಶ ಕೊಟ್ಟಿದೆ. ಬಸ್ಸಿನ ಪ್ರಯಾಣವಾದರೂ ತಪ್ಪಬಹುದು. ಆದರೆ ಸಾಕ್ಷಿಯ ಖರ್ಚಿನ ವಿಷಯದಲ್ಲಿ 1898ರ ಆ 'ಬಹುದು' ಇಂದಿಗೂ 'ಬಹುದು' ಆಗಿಯೇ ಇದೆ.

ಇದರ ಫಲವೇನೆಂಬುದನ್ನು ನಾನು ಕಣ್ಣಾರೆ ಕಂಡೆ. ಮೂರನೆಯ ತಾರೀಖು ಮುಗಿದ ಮರುವರ್ಷ ಅದೇ ರಸ್ತೆಯಲ್ಲಿ ಇನ್ನೊಂದು ಅಪಘಾತವಾಯಿತು. ಆ ಕೂಲಿಯಾಳು ಅಲ್ಲಿಯೇ ಇದ್ದ. ಗಾಯಾಳುವನ್ನು ಎತ್ತಿ ಗಾಡಿಗೆ ಹತ್ತಿಸಿದ. ಪೊಲೀಸರ ಜೀಪು ಕಂಡೊಡನೆ ಟವೆಲು ಹೆಗಲಿಗೆ ಹಾಕಿಕೊಂಡು ತೋಟದ ಒಳದಾರಿ ಹಿಡಿದ. ನನ್ನನ್ನು ನೋಡಿ, "ನಾನೇನೂ ನೋಡಿಲ್ಲ ಮೇಷ್ಟ್ರೇ" ಎಂದ. ಕರುಣೆಯಲ್ಲಿ ಅವನಿಗೆ ಕೊರತೆಯಿರಲಿಲ್ಲ. ಸತ್ಯ ಹೇಳುವ ಖರ್ಚನ್ನು ಮೂರು ದಿನ ಹೊತ್ತವನು ನಾಲ್ಕನೆಯ ದಿನ ಹೊರಲಾರದೆ ಹೋದ. 'ಹಳ್ಳಿಯವರು ಸಾಕ್ಷಿಗೆ ಬರುವುದಿಲ್ಲ' ಎಂದು ದೂರುವವರು ಇದನ್ನು ನೆನೆಯಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಕಾರ್ಖಾನೆ, ಅಂಗಡಿ, ರೇಷ್ಮೆ ಮನೆಗಳನ್ನು ನಡೆಸುತ್ತಿದ್ದೀರಿ. ನಿಮ್ಮಲ್ಲಿ ದುಡಿಯುವವನು ಸಮನ್ಸು ಹಿಡಿದು ಬಂದರೆ ಆ ದಿನದ ಕೂಲಿಯನ್ನು ಹಿಡಿಯಬೇಡಿ. ಕಾನೂನು ನಿಮಗೆ ಹೇಳಿಲ್ಲ, ನಿಜ. ನಿಮ್ಮ ಹಳೆಯ ಮೇಷ್ಟ್ರು ಹೇಳುತ್ತಿದ್ದಾನೆ. ವಕೀಲರಾದವರು ಬಡ ಸಾಕ್ಷಿಯ ಪರವಾಗಿ ಬ್ಯಾಟಾ ಕೊಡಿಸಿರೆಂದು ಒಂದು ಮಾತು ಕೇಳಿ. ನಾನು ಕೇಳದೆ ಬಿಟ್ಟ ಮಾತು ಅದು.