ಬೈಕ್ ಸವಾರರ ಕೈ ಜೋಮು: ಗ್ರಿಪ್ ಬದಲಿಸುವ ಮುನ್ನ ತಿಳಿಯಬೇಕಾದದ್ದು

ನಿತ್ಯ ದ್ವಿಚಕ್ರ ವಾಹನ ಬಳಸುವವರಲ್ಲಿ ಅನೇಕರಿಗೆ ಕೈ ಜೋಮು ಹಿಡಿಯುವ ಅನುಭವ ಹೊಸದಲ್ಲ. ಮುಕ್ಕಾಲು ಗಂಟೆ, ಒಂದು ಗಂಟೆಯ ಸವಾರಿಯ ನಂತರ ಬೆರಳುಗಳು ಮರಗಟ್ಟುತ್ತವೆ. ಅಂಗೈಯಲ್ಲಿ ಇರುವೆ ಹರಿದಂತಾಗುತ್ತದೆ. ವಾಹನದಿಂದಿಳಿದು ಕೈ ಕೊಡವಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುವುದರಿಂದ ಹೆಚ್ಚಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದೇ ಬೆರಳುಗಳು ಮರುಕ್ಷಣ ಬ್ರೇಕ್ ಹಿಡಿಯಬೇಕಾದವು. ಸ್ಪರ್ಶಜ್ಞಾನ ಮಂಕಾದ ಕೈಗೆ ಬ್ರೇಕನ್ನು ಎಷ್ಟು ಒತ್ತಿದೆನೆಂಬ ಅಂದಾಜು ಸಿಗದು. ತಿಂಗಳುಗಟ್ಟಲೆ ಮುಂದುವರಿದ ಜೋಮು ನರಕ್ಕೇ ಹಾನಿಯಾಗುತ್ತಿರುವುದರ ಸೂಚನೆಯೂ ಆಗಿರಬಹುದು.

ಇದಕ್ಕೆ ಸವಾರರು ಮೊದಲು ಹುಡುಕುವ ಪರಿಹಾರ ಹ್ಯಾಂಡಲ್ ಗ್ರಿಪ್‌ಗಳ ಬದಲಾವಣೆ. ಕೆಲವು ನೂರು ರೂಪಾಯಿಗಳಲ್ಲಿ, ಅರ್ಧ ಗಂಟೆಯಲ್ಲಿ ಆಗುವ ಕೆಲಸವಿದು. ಸರಿಯಾದ ಕಾರಣಕ್ಕೆ ಸರಿಯಾದ ಗ್ರಿಪ್ ಆರಿಸಿದರೆ ಪ್ರಯೋಜನ ಖಚಿತವಾಗಿ ಕಾಣುತ್ತದೆ. ಕಾರಣ ಬೇರೆಯಿದ್ದರೆ ಎಷ್ಟು ಮೆತ್ತನೆಯ ಗ್ರಿಪ್ ಹಾಕಿದರೂ ಜೋಮು ಹಾಗೆಯೇ ಉಳಿಯುತ್ತದೆ.

ಜೋಮು ಹಿಡಿಯುವುದೇಕೆ?

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ: ಕಂಪನ ಮತ್ತು ಒತ್ತಡ.

ನಮ್ಮ ರಸ್ತೆಗಳಲ್ಲಿ ಓಡುವ ಬೈಕುಗಳಲ್ಲಿ ಬಹುಪಾಲು ಒಂದೇ ಸಿಲಿಂಡರಿನವು. ಒಂಟಿ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುವಾಗ ಉಂಟಾಗುವ ಅಸಮತೋಲನ ಚಾಸಿಸ್ ಮೂಲಕ ಹ್ಯಾಂಡಲ್‌ಗೆ ತಲುಪುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಹ್ಯಾಂಡಲ್‌ನಲ್ಲಿ ಸೆಕೆಂಡಿಗೆ 100 ಕಂಪನಗಳು ಏಳುತ್ತವೆ. ಈ ಕಂಪನವನ್ನು ತಗ್ಗಿಸಲೆಂದೇ ಹಲವು ಎಂಜಿನ್‌ಗಳಲ್ಲಿ ಬ್ಯಾಲೆನ್ಸರ್ ಶಾಫ್ಟ್ ಅಳವಡಿಸುತ್ತಾರೆ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ 350ರ ಮೂಲಕ ತಂದ ಎಂಜಿನ್‌ನಲ್ಲಿ ಅದಿದೆ. ಅದಕ್ಕೆ ಮುಂಚಿನ ಬುಲೆಟ್ 350ರಲ್ಲಿ ಇರಲಿಲ್ಲ. ಎರಡನ್ನೂ ಓಡಿಸಿದವರ ಕೈಗಳಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು.

ಕಂಪಿಸುವ ವಸ್ತುವನ್ನು ಹಿಡಿದಾಗ ಕೈಯ ಸ್ನಾಯುಗಳು ನಮ್ಮ ಅರಿವಿಗೆ ಬಾರದಂತೆಯೇ ಬಿಗಿಯುತ್ತವೆ. ಹಿಡಿತ ಬಿಗಿಯಾದಷ್ಟೂ ಕಂಪನ ಹೆಚ್ಚಾಗಿ ಕೈಯೊಳಗೆ ಹರಿಯುತ್ತದೆ. ಬೆರಳಿನ ಸೂಕ್ಷ್ಮ ರಕ್ತನಾಳಗಳು ಕುಗ್ಗುತ್ತವೆ, ಸ್ಪರ್ಶಜ್ಞಾನ ಕುಂದುತ್ತದೆ. ಸ್ಪರ್ಶ ಕುಂದಿದ ಕೈ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ.

ಕಂಪನದಿಂದ ಕೈಗಾಗುವ ಹಾನಿ ವೈದ್ಯಲೋಕಕ್ಕೆ ಹೊಸ ವಿಷಯವಲ್ಲ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾ ರಾಜ್ಯದ ಸುಣ್ಣಕಲ್ಲು ಕೆತ್ತುವ ಕಾರ್ಮಿಕರಲ್ಲಿ ಬೆರಳುಗಳು ಬಿಳಿಚಿ ಮರಗಟ್ಟುವುದನ್ನು ದಾಖಲಿಸಿದ್ದರು. ಜಪಾನಿನಲ್ಲಿ ದಿನವಿಡೀ ಬೈಕಿನ ಮೇಲಿರುವ ಸಂಚಾರಿ ಪೊಲೀಸರ ಕೈಗಳ ತೊಂದರೆ ಕುರಿತ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಐರೋಪ್ಯ ಒಕ್ಕೂಟವು 2002ರ ನಿರ್ದೇಶನದಲ್ಲಿ ಕೆಲಸಗಾರರ ಕೈಗೆ ತಗಲುವ ಕಂಪನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಮಿತಿ ವಿಧಿಸಿದೆ. ಸೆಕೆಂಡ್ ವರ್ಗಕ್ಕೆ 2.5 ಮೀಟರ್ ದಾಟಿದರೆ ಉದ್ಯೋಗದಾತರು ಕ್ರಮ ಕೈಗೊಳ್ಳಬೇಕು. 5 ಮೀಟರ್ ದಾಟುವಂತೆಯೇ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ವಾಹನದ ಮೇಲಿರುವ ಡೆಲಿವರಿ ಸವಾರರು ಈ ವಿಷಯವನ್ನು ಇತರರಿಗಿಂತ ಹೆಚ್ಚು ಗಂಭೀರವಾಗಿ ಪರಿಗಣಿಸಬೇಕು.

ಯಾವ ಬೆರಳು? ಯಾವ ಕೈ?

ಗ್ರಿಪ್ ಕೊಳ್ಳುವ ಮುನ್ನ ಒಂದು ವಾರ ಈ ಎರಡು ಸಂಗತಿಗಳನ್ನು ಗಮನಿಸಬೇಕು.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗಕ್ಕೆ ಮೀಡಿಯನ್ ನರದ ಸಂಪರ್ಕವಿದೆ. ಮಣಿಕಟ್ಟಿನಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜತೆ ಇಕ್ಕಟ್ಟಾದ ದಾರಿಯಲ್ಲಿ ಈ ನರ ಹಾದುಹೋಗುತ್ತದೆ. ಮಣಿಕಟ್ಟು ಬಹಳ ಹೊತ್ತು ಬಾಗಿದ್ದರೆ ಅಲ್ಲಿ ಒತ್ತಡ ಏರುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧಕ್ಕೆ ಅಲ್ನಾರ್ ನರದ ಸಂಪರ್ಕ. ಅಂಗೈಯ ಹೊರ ಅಂಚಿನ ಬುಡದ ಮೇಲೆ ಮೈಭಾರ ಬಿದ್ದರೆ ಈ ನರ ಒತ್ತಿಕೊಳ್ಳುತ್ತದೆ. ಸೈಕಲ್ ಸವಾರರಲ್ಲೂ ಈ ತೊಂದರೆ ಸಾಮಾನ್ಯ.

ಬಲಗೈ ಮಾತ್ರ ಜೋಮು ಹಿಡಿಯುತ್ತಿದ್ದರೆ ಎಕ್ಸಿಲರೇಟರ್ ತಿರುಗಿಸಿ ಹಿಡಿಯುವ ಭಂಗಿಯನ್ನು ಪರೀಕ್ಷಿಸಬೇಕು. ಎಡಗೈ ಮಾತ್ರವಾದರೆ ಗಟ್ಟಿಯಾದ ಕ್ಲಚ್ ಕಾರಣವಿರಬಹುದು. ಎರಡೂ ಕೈಗಳ ಎಲ್ಲ ಬೆರಳುಗಳೂ ಒಂದೇ ರೀತಿ ಮರಗಟ್ಟುತ್ತಿದ್ದು, ನಿರ್ದಿಷ್ಟ ವೇಗದಲ್ಲಿ ಅದು ಹೆಚ್ಚುತ್ತಿದ್ದರೆ ಎಂಜಿನ್ ಕಂಪನವೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಗ್ರಿಪ್ ಬದಲಾವಣೆ ಹೆಚ್ಚು ಫಲ ಕೊಡುವುದು ಈ ಕೊನೆಯ ಸಂದರ್ಭದಲ್ಲಿ.

ಗ್ರಿಪ್ ಏನು ಮಾಡಬಲ್ಲದು?

ಮೆತ್ತನೆಯ ಗ್ರಿಪ್ ಎಂಜಿನ್ನಿನಿಂದ ಬರುವ ಸಣ್ಣ, ವೇಗದ ಕಂಪನವನ್ನು ಒಂದಷ್ಟು ಹೀರಿಕೊಳ್ಳುತ್ತದೆ; ಅಂಗೈಯ ಒಂದೇ ಜಾಗದಲ್ಲಿ ಬೀಳುವ ಒತ್ತಡವನ್ನು ಹರಡುತ್ತದೆ. ಗುಂಡಿ, ರಸ್ತೆ ಉಬ್ಬುಗಳ ನಿಧಾನವಾದ ದೊಡ್ಡ ಹೊಡೆತವನ್ನು ತಡೆಯುವ ಶಕ್ತಿ ಕೆಲವೇ ಮಿಲಿಮೀಟರ್ ದಪ್ಪದ ರಬ್ಬರಿಗೆ ಇಲ್ಲ. ಅದು ಟಯರ್ ಮತ್ತು ಸಸ್ಪೆನ್ಷನ್‌ಗಳ ಕೆಲಸ.

ಮಾರುಕಟ್ಟೆಯಲ್ಲಿ ಸಿಗುವ ಮುಖ್ಯ ಬಗೆಗಳು ಇವು:

ಸಾಧಾರಣ ರಬ್ಬರ್ ಗ್ರಿಪ್: ಬೈಕಿನ ಜತೆಯಲ್ಲೇ ಬರುವಂಥದ್ದು. ಬಿಸಿಲು, ಬೆವರಿಗೆ ಕೆಲವು ವರ್ಷಗಳಲ್ಲಿ ಗಟ್ಟಿಯಾಗಿ ನುಣುಪಾಗುತ್ತದೆ. ಹಲವರಿಗೆ ಕಂಪನಿಯ ಹೊಸ ಗ್ರಿಪ್ ಹಾಕಿದರೇ ಸಾಕಾಗುತ್ತದೆ.

ಜೆಲ್ ಗ್ರಿಪ್: ಹೊರಪದರದ ಕೆಳಗೆ ಮೆದು ಪದರವಿರುತ್ತದೆ. ಕಂಪನಕ್ಕೆ ಒಳ್ಳೆಯದು. ಅಗ್ಗದವುಗಳಲ್ಲಿ ಹೊರಪದರ ಬೇಗ ಸವೆದು ಅಂಟಂಟಾಗುವುದುಂಟು.

ಫೋಮ್ ಗ್ರಿಪ್ ಮತ್ತು ಫೋಮ್ ಕವಚ: ಹಗುರ, ಮೆತ್ತಗೆ. ಕವಚವನ್ನು ಈಗಿರುವ ಗ್ರಿಪ್ ಮೇಲೆಯೇ ತೊಡಿಸಬಹುದು. ಮಳೆಯಲ್ಲಿ ನೀರು ಹೀರುವುದು, ಬೇಗ ಹರಿಯುವುದು ಇದರ ದೋಷ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಇದು ಹೇಳಿಸಿದ್ದಲ್ಲ.

ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ಸೇರಿದ ಅಲಂಕಾರದ ಗ್ರಿಪ್: ನೋಟಕ್ಕೆ ಚೆಂದ. ಜೋಮಿನ ತೊಂದರೆ ಇರುವವರು ಇವುಗಳಿಂದ ದೂರವಿರುವುದು ಲೇಸು.

ದಪ್ಪವಾದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ದೊಡ್ಡ ಕೈಯವರಿಗೆ ದಪ್ಪ ಗ್ರಿಪ್‌ನಿಂದ ಬೆರಳು ಮಡಚುವ ಶ್ರಮ ತಗ್ಗುತ್ತದೆ. ಸಣ್ಣ ಕೈಯವರಿಗೆ ಅದೇ ಗ್ರಿಪ್ ಹಿಡಿಯಲು ಹೆಚ್ಚು ಬಲ ಬೇಕಾಗಿ ಜೋಮು ಹೆಚ್ಚಬಹುದು. ಬ್ರೇಕ್, ಕ್ಲಚ್ ಲಿವರ್‌ಗಳೂ ಬೆರಳಿಗೆ ದೂರವಾಗುತ್ತವೆ. ಅಂಗಡಿಯಲ್ಲಿ ಗ್ರಿಪ್ ಹಿಡಿದು ನೋಡಿ, ಬೆರಳ ತುದಿಗಳು ಅಂಗೈಗೆ ಚುಚ್ಚದೆ, ಹಿಡಿತವೂ ಸಡಿಲವಾಗದೆ ಇರುವಂಥದ್ದನ್ನು ಆರಿಸಬೇಕು.

ಅಳತೆಯ ವಿಚಾರ

ಭಾರತದಲ್ಲಿ ಮಾರಾಟವಾಗುವ ಹೆಚ್ಚಿನ ಬೈಕುಗಳ ಹ್ಯಾಂಡಲ್ ಕೊಳವೆಯ ಹೊರ ವ್ಯಾಸ 22 ಮಿ.ಮೀ. ಕೆಲವು ಭಾರಿ ಕ್ರೂಸರ್ ಬೈಕುಗಳಲ್ಲಿ ಮಾತ್ರ 25.4 ಮಿ.ಮೀ. ಇರುತ್ತದೆ. ಬಲಗಡೆ ಎಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆ ಹ್ಯಾಂಡಲ್ ಮೇಲೆ ತಿರುಗುವುದರಿಂದ ಬಲ ಗ್ರಿಪ್‌ನ ಒಳ ವ್ಯಾಸ ಎಡದ್ದಕ್ಕಿಂತ ದೊಡ್ಡದು. ಆದ್ದರಿಂದ ಎಡ ಬಲಗಳನ್ನು ಅದಲುಬದಲು ಮಾಡುವಂತಿಲ್ಲ. ಕೆಲವು ಮಾದರಿಗಳಲ್ಲಿ ಬಲ ಗ್ರಿಪ್ ಎಕ್ಸಿಲರೇಟರ್ ಕೊಳವೆಯೊಂದಿಗೇ ಸೇರಿ ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗೆ ಹೋಗುವವರು ಬೈಕಿನ ಮಾದರಿ, ತಯಾರಾದ ವರ್ಷ ಮತ್ತು ಹಳೆಯ ಗ್ರಿಪ್‌ನ ಉದ್ದವನ್ನು ಬರೆದುಕೊಂಡು ಹೋಗುವುದು ಒಳಿತು.

ಬದಲಿಸುವ ವಿಧಾನ

1. ಎಂಜಿನ್ ಆರಿಸಿ, ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಹ್ಯಾಂಡಲ್ ತುದಿಯಲ್ಲಿ ತೂಕದ ಗುಂಡುಗಳಿದ್ದರೆ ಸ್ಕ್ರೂ ಬಿಚ್ಚಿ ತೆಗೆದಿಡಬೇಕು.

2. ಹಳೆಯ ಗ್ರಿಪ್ ಎಸೆಯುವುದಾದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಬಹುದು. ಬಲಗಡೆ ಕೆಳಗಿರುವುದು ಪ್ಲಾಸ್ಟಿಕ್ ಕೊಳವೆ ಎಂಬುದನ್ನು ಮರೆಯಬಾರದು. ಅದಕ್ಕೆ ಗೀರು ಬೀಳಬಾರದು. ಗ್ರಿಪ್ ಉಳಿಸಿಕೊಳ್ಳಬೇಕಿದ್ದರೆ ತೆಳುವಾದ ಸ್ಕ್ರೂಡ್ರೈವರನ್ನು ಅಡಿಗೆ ತೂರಿಸಿ, ಸೋಪಿನ ನೀರು ಬಿಟ್ಟು, ನಿಧಾನವಾಗಿ ತಿರುಗಿಸುತ್ತಾ ಎಳೆಯಬೇಕು.

3. ಹಳೆಯ ಅಂಟು, ಸೋಪು, ಧೂಳನ್ನು ಪೂರ್ತಿ ತೆಗೆದು, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹ್ಯಾಂಡಲ್ ತುಕ್ಕು ಹಿಡಿದಿದ್ದರೆ ಸಣ್ಣ ಮರಳುಕಾಗದದಿಂದ ಉಜ್ಜಬೇಕು.

4. ಹೊಸ ಗ್ರಿಪ್‌ನ ಒಳಗೆ ಗ್ರಿಪ್ ಅಂಟನ್ನು ತೆಳುವಾಗಿ ಸವರಿ, ತಿರುಗಿಸುತ್ತಾ ಒಂದೇ ಸಲಕ್ಕೆ ಒಳಗೆ ತಳ್ಳಬೇಕು. ಎಣ್ಣೆ, ಗ್ರೀಸ್ ಹಚ್ಚಿ ತೊಡಿಸುವುದು ಅಪಾಯಕಾರಿ. ಸುಲಭವಾಗಿ ಒಳಸೇರಿದ ಗ್ರಿಪ್ ಅಷ್ಟೇ ಸುಲಭವಾಗಿ ಓಡುವಾಗ ಜಾರಿ ಹೊರಬರುತ್ತದೆ.

5. ಅಂಟು ಒಣಗಲು ಒಂದು ರಾತ್ರಿ ಬಿಡಬೇಕು. ಗ್ರಿಪ್ ಹಾಕಿದ ತಕ್ಷಣ ಬೈಕ್ ಓಡಿಸಬಾರದು.

ಎಕ್ಸಿಲರೇಟರ್ ಪರೀಕ್ಷೆ ಕಡ್ಡಾಯ

ಇಡೀ ಕೆಲಸದಲ್ಲಿ ಜೀವಕ್ಕೆ ಸಂಬಂಧಿಸಿದ ಭಾಗ ಇದು. ಬಲ ಗ್ರಿಪ್‌ನ ಹೊರ ತುದಿ ತೂಕದ ಗುಂಡಿಗೆ ತಾಗುತ್ತಿದ್ದರೆ, ಅಥವಾ ಒಳ ಅಂಚು ಸ್ವಿಚ್‌ಗಳ ಪೆಟ್ಟಿಗೆಗೆ ಉಜ್ಜುತ್ತಿದ್ದರೆ, ತಿರುಗಿಸಿದ ಎಕ್ಸಿಲರೇಟರ್ ಹಿಂದಕ್ಕೆ ಬಾರದೆ ಸಿಕ್ಕಿಕೊಳ್ಳುತ್ತದೆ. ಎರಡೂ ಕಡೆ ಒಂದೆರಡು ಮಿಲಿಮೀಟರ್ ಎಡೆ ಇರಲೇಬೇಕು.

ಮೊದಲು ಎಂಜಿನ್ ಆರಿಸಿಯೇ ಎಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಬಿಡಬೇಕು. ಅದು ತಾನಾಗಿ ಚಟ್ಟನೆ ಮೊದಲ ಸ್ಥಾನಕ್ಕೆ ಬರಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ ಇದನ್ನೇ ಪುನರಾವರ್ತಿಸಬೇಕು. ನಂತರ ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ವೇಗ ತಾನಾಗಿ ಏರುತ್ತದೆಯೇ ನೋಡಬೇಕು. ಏರಿದರೆ ಕೇಬಲ್ ಬಿಗಿಯಾಗಿದೆ ಎಂದರ್ಥ. ಸರಿಪಡಿಸದೆ ರಸ್ತೆಗಿಳಿಯಬಾರದು. ಮೆಕ್ಯಾನಿಕ್ ಕೈಯಲ್ಲಿ ಕೆಲಸ ಮಾಡಿಸಿದವರೂ ಅಂಗಡಿಯ ಮುಂದೆಯೇ ಈ ಪರೀಕ್ಷೆ ಮಾಡಿಕೊಳ್ಳಬೇಕು.

ಗ್ರಿಪ್ ಜತೆಗೆ ಇವೂ ಸರಿಯಿರಲಿ

ಹ್ಯಾಂಡಲ್ ತುದಿಯ ಗುಂಡುಗಳು ಅಲಂಕಾರಕ್ಕಲ್ಲ. ಕೊಳವೆಯ ಕಂಪನವನ್ನು ತಗ್ಗಿಸಲು ಇಟ್ಟ ತೂಕಗಳು. ಬೇರೆ ಕನ್ನಡಿ ಹಾಕಿಸಲೆಂದು ಇವುಗಳನ್ನು ತೆಗೆಸಿದ ಮೇಲೆ ಜೋಮು ಶುರುವಾದ ನಿದರ್ಶನಗಳಿವೆ. ಎಂಜಿನ್ ಮೌಂಟಿಂಗ್ ಬೋಲ್ಟ್‌ಗಳು ಸಡಿಲವಾಗಿದ್ದರೆ, ಕೋನ್ ಸೆಟ್ ಸವೆದಿದ್ದರೆ, ಚೈನ್ ಅತಿ ಬಿಗಿ ಅಥವಾ ಅತಿ ಸಡಿಲವಾಗಿದ್ದರೆ ಕಂಪನ ಹೆಚ್ಚುತ್ತದೆ. ಟಯರಿನ ಗಾಳಿ ಕಂಪನಿ ಸೂಚಿಸಿದ ಪ್ರಮಾಣಕ್ಕಿಂತ ಹೆಚ್ಚಿದ್ದರೆ ರಸ್ತೆಯ ಪ್ರತಿ ಹೊಡೆತ ನೇರ ಕೈಗೆ ಬರುತ್ತದೆ. ಕ್ಲಚ್ ಕೇಬಲ್‌ಗೆ ಎಣ್ಣೆ ಹಾಕಿಸುವುದರಿಂದಲೇ ಎಡಗೈಯ ಶ್ರಮ ಎಷ್ಟೋ ತಗ್ಗುತ್ತದೆ.

ಕುಳಿತ ಭಂಗಿಯೂ ಮುಖ್ಯ. ಮೈಭಾರವನ್ನು ಅಂಗೈಗಳ ಮೇಲೆ ಹಾಕದೆ ಮೊಣಕಾಲುಗಳಿಂದ ಟ್ಯಾಂಕನ್ನು ಹಿಡಿದು, ಮೊಣಕೈ ತುಸು ಬಾಗಿರುವಂತೆ ಕೂರಬೇಕು. ಲಿವರ್ ಮೇಲೆ ಬೆರಳಿಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಸಾಲಿನಲ್ಲಿರಬೇಕು. ಇಲ್ಲವಾದರೆ ಲಿವರಿನ ಕೋನವನ್ನು ಮೆಕ್ಯಾನಿಕ್ ಸ್ಪ್ಯಾನರ್ ಸಹಾಯದಿಂದ ಸರಿಪಡಿಸಬಲ್ಲರು. ದೀರ್ಘ ಪ್ರಯಾಣದಲ್ಲಿ ಗಂಟೆಗೊಮ್ಮೆ ನಿಲ್ಲಿಸಿ ಕೈಗೆ ವಿಶ್ರಾಂತಿ ಕೊಡಬೇಕು.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಸವಾರಿ ಮುಗಿದು ಗಂಟೆಗಳು ಕಳೆದರೂ ಜೋಮು ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತೆ ಬೆರಳು ಮರಗಟ್ಟಿದರೆ, ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಂಡರೆ, ಕೈಯಿಂದ ಲೋಟ, ಕೀಲಿಕೈ ಜಾರುತ್ತಿದ್ದರೆ ಅಥವಾ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಲ ಭಾಗ ಕರಗಿದಂತೆ ಕಂಡರೆ ಅದು ಗ್ರಿಪ್‌ನಿಂದ ಪರಿಹಾರವಾಗುವ ತೊಂದರೆಯಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಕತ್ತಿನ ಮೂಳೆ ಸವೆತಗಳಿಂದಲೂ ಕೈ ಜೋಮು ಹಿಡಿಯುತ್ತದೆ. ನರಗಳಲ್ಲಿ ಸಂದೇಶ ಸಾಗುವ ವೇಗವನ್ನು ಅಳೆಯುವ ಪರೀಕ್ಷೆಯಿಂದ ತೊಂದರೆ ಇರುವ ಜಾಗವನ್ನು ವೈದ್ಯರು ಪತ್ತೆಹಚ್ಚುತ್ತಾರೆ. ಒತ್ತಿಕೊಂಡ ನರ ಆರಂಭದಲ್ಲೇ ಚಿಕಿತ್ಸೆ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಸ್ನಾಯು ಕರಗಿದ ಮೇಲೆ ಪೂರ್ತಿ ಚೇತರಿಕೆ ಕಷ್ಟ.

ಹೊಸ ಗ್ರಿಪ್ ಹಾಕಿಸಿ, ಭಂಗಿ ತಿದ್ದಿಕೊಂಡು ಎರಡು ಮೂರು ವಾರಗಳಾದರೂ ಜೋಮು ತಗ್ಗದಿದ್ದರೆ ಇನ್ನೊಂದು ಜೊತೆ ಗ್ರಿಪ್ ಕೊಳ್ಳುವ ಬದಲು ಆಸ್ಪತ್ರೆಗೆ ಹೋಗುವುದೇ ಸೂಕ್ತ.